ಹೋಟೆಲ್ ಲಾಬಿಯಲ್ಲಿ ಒಬ್ಬ ಮನುಷ್ಯ

ಇವತ್ತು ಒಬ್ಬ ಕುಡುಕನ ಕಥೆ ಹೇಳ್ತೀನಿ. ಹೆಸರು ಬಿಲ್ ವಿಲ್ಸನ್. 1895ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಹುಟ್ಟಿದವನು. ನ್ಯೂಯಾರ್ಕ್ ಷೇರುಪೇಟೆಯಲ್ಲಿ ದುಡ್ಡು ಮಾಡಿದ, ಕುಡಿದು ಎಲ್ಲಾ ಕಳ್ಕೊಂಡ. ಹೆಂಡತಿ ಲೋಯಿಸ್ ಅಂಗಡಿಯಲ್ಲಿ ದುಡಿದು ಮನೆ ನಡೆಸಿದಳು. ಇನ್ನು ಮುಟ್ಟಲ್ಲ ಅಂತ ಮನೆಯ ಬೈಬಲ್‌ನಲ್ಲೇ ಬರೆದುಕೊಟ್ಟ. ಒಂದ್ಸಲ ಅಲ್ಲ, ಮತ್ತೆ ಮತ್ತೆ.

ಅವನನ್ನು ನೋಡ್ತಿದ್ದ ಡಾಕ್ಟರ್ ಸಿಲ್ಕ್‌ವರ್ತ್ ಒಂದು ವಿಷಯ ಬಿಡಿಸಿ ಹೇಳಿದ್ರು. ಇದು ಬರೀ ಮನಸ್ಸಿನ ಬಲ ಕಮ್ಮಿಯಾದ ಮಾತಲ್ಲ. ಮೊದಲ ಗ್ಲಾಸಿನ ಕಡೆ ಮನಸ್ಸು ಎಳೆಯುತ್ತೆ. ಆ ಗ್ಲಾಸು ಒಳಗೆ ಹೋದ್ರೆ ದೇಹವೇ ಇನ್ನಷ್ಟು ಕೇಳುತ್ತೆ.

1934ರ ಡಿಸೆಂಬರ್‌ನಲ್ಲಿ ಆಸ್ಪತ್ರೆಯ ಹಾಸಿಗೆ ಮೇಲೆ ದೇವರಿಗೆ ಮೊರೆಯಿಟ್ಟ. ಕೋಣೆಯೆಲ್ಲ ಬೆಳಕು ತುಂಬಿದ ಹಾಗಾಯ್ತು ಅಂತ ಆಮೇಲೆ ಹೇಳಿಕೊಂಡ. ನಮ್ಮಲ್ಲಿ ಸಾಕ್ಷಿ ಇಲ್ಲಿಗೇ ಮುಗಿಯುತ್ತೆ. ಹಲ್ಲೆಲೂಯಾ ಅಂದು ಕೂತ್ಕೋತೀವಿ.

ನಾನೂ ಹಾಗೇ ಕೂತವನು. ಬಿಡುಗಡೆಯ ಸಾಕ್ಷಿ ಹೇಳಿದ ಮೂರನೇ ವಾರಕ್ಕೆ ಮತ್ತೆ ಕುಡಿದೆ. ನಾಚಿಕೆಗೆ ಯಾರಿಗೂ ಹೇಳ್ಲಿಲ್ಲ. ಆ ಮೌನ ನನ್ನನ್ನ ಇನ್ನೂ ಎರಡು ವರ್ಷ ಕುಡಿಸ್ತು.

ಬಿಲ್‌ಗೂ ಆ ಗಳಿಗೆ ಬಂತು. 1935ರ ಮೇ, ಒಹಾಯೋದ ಆಕ್ರನ್ ಊರು. ಬಂದ ವ್ಯವಹಾರ ಕೆಟ್ಟಿತ್ತು, ಜೇಬು ಹೆಚ್ಚುಕಮ್ಮಿ ಖಾಲಿ. ಹೋಟೆಲ್ ಲಾಬಿಯ ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನು, ಪಕ್ಕದಲ್ಲಿ ಊರಿನ ಸಭೆಗಳ ಪಟ್ಟಿ. ಇನ್ನೊಬ್ಬ ಕುಡುಕನ ಜೊತೆ ಮಾತಾಡದಿದ್ರೆ ತಾನೇ ಕುಡಿದುಬಿಡ್ತೀನಿ ಅಂತ ಅವನಿಗೆ ಗೊತ್ತಾಯ್ತು. ಫೋನ್ ಎತ್ತಿದ.

ಮಾರನೇ ದಿನ ಸಿಕ್ಕಿದವರು ಸರ್ಜನ್ ಬಾಬ್ ಸ್ಮಿತ್. ಹದಿನೈದು ನಿಮಿಷ ಅಂತ ಬಂದವರು ರಾತ್ರಿವರೆಗೂ ಕೂತರು. ಗಮನಿಸಿ, ಈ ಡಾಕ್ಟರು ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾರ್ಥನಾ ಗುಂಪಿಗೆ ಹೋಗ್ತಾನೇ ಕುಡೀತಿದ್ದರು. ಬಿಲ್ ಸಿಕ್ಕ ಮೇಲೂ ವೈದ್ಯರ ಸಮ್ಮೇಳನಕ್ಕೆ ಹೋಗಿ ಇನ್ನೊಮ್ಮೆ ಬಿದ್ದರು. ಬಿಲ್ ಕೈಬಿಡಲಿಲ್ಲ. ಜೂನ್ 10ರಂದು ಡಾಕ್ಟರ್ ಬಾಬ್ ಕೊನೇ ಸಲ ಕುಡಿದ್ರು. 1950ರಲ್ಲಿ ಸಾಯೋವರೆಗೂ ಮತ್ತೆ ಮುಟ್ಟಲಿಲ್ಲ. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಹುಟ್ಟುದಿನ ಅಂತ ಎಣಿಸುತ್ತೆ.

ಬಿಲ್ 1971ರವರೆಗೆ ಬದುಕಿದ, 36 ವರ್ಷ ಕುಡಿಯದೆ. ನಡುವೆ ವರ್ಷಗಟ್ಟಲೆ ಖಿನ್ನತೆ ಕಾಡಿತು. ಸಿಗರೇಟು ಅವನ ಶ್ವಾಸಕೋಶ ತಿಂದುಹಾಕಿತು. ಇದನ್ನ ಮುಚ್ಚಿಟ್ಟು ಕಥೆ ಹೇಳೋಕೆ ನನಗೆ ಮನಸ್ಸಿಲ್ಲ.

ಆರಾಧನೆ ಮುಗಿದ ಮೇಲೆ ನಾನು ಹಿಂದೆ, ಚಪ್ಪಲಿ ಸ್ಟ್ಯಾಂಡ್ ಹತ್ರ ನಿಂತಿರ್ತೀನಿ. ನಿನ್ನೆ ರಾತ್ರಿ ಕುಡಿದವರೂ ಬನ್ನಿ.