ವಂದನೀಯ ಫಾದರ್ ಅಗೊಸ್ತಿನೊ ಜೆಮೆಲ್ಲಿ

1981ರ ಮೇ 13ರಂದು ಗುಂಡೇಟಿಗೆ ಗುರಿಯಾದ ಜಗದ್ಗುರು ಎರಡನೆಯ ಜಾನ್ ಪಾಲರನ್ನು ಉಳಿಸಿದುದು ರೋಮ್ ನಗರದ ಜೆಮೆಲ್ಲಿ ಆಸ್ಪತ್ರೆ. 2025ರಲ್ಲಿ ಜಗದ್ಗುರು ಫ್ರಾನ್ಸಿಸರು 38 ದಿನ ಚಿಕಿತ್ಸೆ ಪಡೆದುದೂ ಅಲ್ಲಿಯೇ. ಆಸ್ಪತ್ರೆಯ ಹೆಸರನ್ನು ನಾವೆಲ್ಲರೂ ಕೇಳಿದ್ದೇವೆ. ಆ ಹೆಸರನ್ನು ಹೊತ್ತಿದ್ದ ಗುರುವರ್ಯರನ್ನು ಅರಿತವರು ನಮ್ಮಲ್ಲಿ ವಿರಳ.

ಅವರು 1878ರ ಜನವರಿ 18ರಂದು ಇಟಲಿಯ ಮಿಲಾನಿನಲ್ಲಿ ಜನಿಸಿದರು. ಎದುವಾರ್ದೊ ಎಂಬುದು ಜನ್ಮನಾಮ. ಯೌವನದಲ್ಲಿ ವಿಶ್ವಾಸದಿಂದ ದೂರ ಸರಿದು ಸಮಾಜವಾದವನ್ನು ಅಪ್ಪಿಕೊಂಡರು. ಪಾವಿಯಾ ವಿಶ್ವವಿದ್ಯಾನಿಲಯದಲ್ಲಿ, ಮುಂದೆ ನೊಬೆಲ್ ಪಾರಿತೋಷಕ ಪಡೆದ ಕಮಿಲ್ಲೊ ಗೋಲ್ಜಿಯವರ ಶಿಷ್ಯರಾಗಿ, 1902ರಲ್ಲಿ ವೈದ್ಯ ಪದವಿಯನ್ನು ಗಳಿಸಿದರು. ಅನಂತರ ಮಿಲಾನಿನ ಸಂತ ಅಂಬ್ರೋಸರ ಹಳೆಯ ಮಠದಲ್ಲಿದ್ದ ಸೈನಿಕ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸುತ್ತಿದ್ದಾಗ, ಲುದೊವಿಕೊ ನೆಕ್ಕಿ ಎಂಬ ಮಿತ್ರರ ಸಹವಾಸದಿಂದ ಅವರ ಮನಸ್ಸು ದೇವರತ್ತ ತಿರುಗಿತು. 1903ರಲ್ಲಿ, ಮನೆಯವರ ವಿರೋಧವನ್ನೂ ಲೆಕ್ಕಿಸದೆ, ಸಂತ ಫ್ರಾನ್ಸಿಸರ ಸಭೆಯನ್ನು ಸೇರಿದರು. 1908ರಲ್ಲಿ ಗುರುದೀಕ್ಷೆಯನ್ನು ಪಡೆದರು.

ವಿಜ್ಞಾನವೂ ವಿಶ್ವಾಸವೂ ಒಂದೇ ಸೂರಿನಡಿ ಬಾಳಬಲ್ಲವೆಂಬುದು ಅವರ ದೃಢ ನಂಬಿಕೆ. 1921ರಲ್ಲಿ ಅವರು ಮಿಲಾನಿನಲ್ಲಿ ಪವಿತ್ರ ಹೃದಯದ ಕಥೋಲಿಕ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ಈ ಕಾರ್ಯದಲ್ಲಿ ಅವರಿಗೆ ಹೆಗಲು ಕೊಟ್ಟ ಅರ್ಮಿದಾ ಬಾರೆಲ್ಲಿಯವರನ್ನು ಧರ್ಮಸಭೆಯು 2022ರಲ್ಲಿ ಧನ್ಯರೆಂದು ಸಾರಿತು. 1924ರಿಂದ ಇಟಲಿಯ ದೇವಾಲಯಗಳಲ್ಲಿ ವರ್ಷಕ್ಕೊಂದು ದಿನ ವಿಶ್ವವಿದ್ಯಾನಿಲಯಕ್ಕಾಗಿ ಕಾಣಿಕೆಯನ್ನು ಸಂಗ್ರಹಿಸಲಾಯಿತು. ಬಡ ಭಕ್ತರ ಚಿಲ್ಲರೆ ಕಾಸುಗಳೂ ಅದರ ಅಡಿಪಾಯವನ್ನು ಸೇರಿದವು. ಮುಂದೆ ವಿಶ್ವವಿದ್ಯಾನಿಲಯವು ನೆಲೆಸಿದುದು ಅವರು ಹಿಂದೆ ಸೇವೆ ಸಲ್ಲಿಸಿದ್ದ ಅದೇ ಮಠದ ಕಟ್ಟಡದಲ್ಲಿ.

ಆದರೂ ವೈದ್ಯರಾದ ಅವರಿಗೆ ಒಂದು ಕೊರತೆ ಕಾಡುತ್ತಿತ್ತು: ವೈದ್ಯಕೀಯ ವಿಭಾಗವಿರಲಿಲ್ಲ. ಪುಸ್ತಕದಿಂದ ಮಾತ್ರ ವೈದ್ಯನು ರೂಪುಗೊಳ್ಳುವುದಿಲ್ಲ. ರೋಗಿಯ ಹಾಸಿಗೆಯ ಬಳಿ ಹಿರಿಯರ ಜೊತೆ ನಿಂತು ಕಲಿಯಬೇಕು. ಆದುದರಿಂದ ವಿಶ್ವವಿದ್ಯಾನಿಲಯಕ್ಕೆ ತನ್ನದೇ ಆಸ್ಪತ್ರೆ ಬೇಕು. ಅಂತಹ ಆಸ್ಪತ್ರೆಯು ಇಂದಿನ ರೋಗಿಯನ್ನು ಗುಣಪಡಿಸುತ್ತದೆ, ನಾಳಿನ ವೈದ್ಯನನ್ನು ಸಿದ್ಧಗೊಳಿಸುತ್ತದೆ, ಇನ್ನೂ ಮದ್ದು ಕಾಣದ ರೋಗಗಳಿಗೆ ಮದ್ದನ್ನು ಅರಸುತ್ತದೆ. 1934ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸರು ರೋಮಿನ ಮೊಂತೆ ಮಾರಿಯೊ ಬೆಟ್ಟದಲ್ಲಿ ಇದಕ್ಕಾಗಿ ಭೂಮಿಯನ್ನು ದಾನವಿತ್ತರು. ಆದರೆ ಯುದ್ಧ ಬಂದಿತು, ವರ್ಷಗಳು ಉರುಳಿದವು. 1940ರ ಕಾರು ಅಪಘಾತದಿಂದ ಫಾದರ್ ಜೆಮೆಲ್ಲಿಯವರ ನಡಿಗೆಯೇ ಕುಂಠಿತವಾಯಿತು. ಅವರು ಹಟ ಬಿಡಲಿಲ್ಲ. 1958ರಲ್ಲಿ ವೈದ್ಯಕೀಯ ವಿಭಾಗಕ್ಕೆ ಸರಕಾರದ ಒಪ್ಪಿಗೆ ದೊರೆಯಿತು. ಮರುವರ್ಷ ಜುಲೈ 15ರಂದು ಅವರು ಕಣ್ಮುಚ್ಚಿದರು. ತರಗತಿಗಳು ಆರಂಭವಾದುದು 1961ರಲ್ಲಿ. ಆಸ್ಪತ್ರೆಯ ಬಾಗಿಲು ತೆರೆದುದು 1964ರಲ್ಲಿ.

ಅವರು ದೋಷರಹಿತರಾಗಿದ್ದರೆಂದು ನಾವು ಹೇಳುವುದಿಲ್ಲ. ಫ್ಯಾಸಿಸ್ಟ್ ಆಳ್ವಿಕೆಯೊಡನೆ ಅವರು ಹೊಂದಿಕೊಂಡುದನ್ನೂ ಯೆಹೂದ್ಯರನ್ನು ಕುರಿತು ಬರೆದ ಕಠೋರ ಮಾತುಗಳನ್ನೂ ನಾವು ಸಮರ್ಥಿಸಲಾರೆವು. ಪಾದ್ರೆ ಪಿಯೊರವರ ಪಂಚಗಾಯಗಳನ್ನು ಅವರು ಸಂಶಯಿಸಿದರು. 2002ರಲ್ಲಿ ಧರ್ಮಸಭೆಯು ಪಾದ್ರೆ ಪಿಯೊರವರನ್ನು ಸಂತರ ಸಾಲಿಗೆ ಸೇರಿಸಿತು. ದೇವರು ನಮ್ಮಂತಹ ಅಪೂರ್ಣರ ಕೈಯಿಂದಲೇ ಕೆಲಸ ಮಾಡಿಸುತ್ತಾರೆ.

ಬಿತ್ತಿದವರೊಬ್ಬರು, ಕೊಯ್ದವರು ಅನೇಕರು. ನೂರು ವರ್ಷಗಳ ಹಿಂದೆ ನಮ್ಮ ದೇವಾಲಯಕ್ಕೆ ಕಲ್ಲು ಹೊತ್ತವರೂ ಈ ಶತಮಾನೋತ್ಸವವನ್ನು ಕಾಣಲಿಲ್ಲ. ನಮ್ಮ ಕಾಣಿಕೆಯೂ ನಾವು ಕಾಣದ ಯಾವುದೋ ರೋಗಿಗೆ ನೆರಳಾಗಲಿ.