ಗೆಲಿಲಿಯೋನ ಪುಟ್ಟ ತಕ್ಕಡಿ



ಗೆಲಿಲಿಯೋ ಅಂದ ಕೂಡಲೇ ನಮಗೆಲ್ಲ ದೂರದರ್ಶಕ ನೆನಪಾಗುತ್ತೆ. ಆದರೆ ಆಕಾಶ ನೋಡುವುದಕ್ಕೆ 23 ವರ್ಷ ಮೊದಲೇ ಅವನು ಒಂದು ತಕ್ಕಡಿಯ ಬಗ್ಗೆ ಬರೆದಿದ್ದ. ನನಗೆ ಆ ತಕ್ಕಡಿ ಕಥೆಯೇ ಹೆಚ್ಚು ಇಷ್ಟ. ಅದನ್ನು ನಿಮಗೂ ಹೇಳ್ತೀನಿ, ಓದಿ.

ಗೆಲಿಲಿಯೋ ಹುಟ್ಟಿದ್ದು 1564ರ ಫೆಬ್ರವರಿ 15ರಂದು, ಇಟಲಿಯ ಪೀಸಾ ಊರಿನಲ್ಲಿ. ತಂದೆ ವಿನ್ಸೆಂಜೊ ಸಂಗೀತಗಾರ. ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದ. ಮಗ ಡಾಕ್ಟರಾಗಲಿ ಅಂತ ತಂದೆಗೆ ಆಸೆ. 1581ರಲ್ಲಿ ಪೀಸಾ ವಿಶ್ವವಿದ್ಯಾಲಯಕ್ಕೆ ಸೇರಿಸಿದ. ಆದರೆ ರಿಚ್ಚಿ ಎಂಬ ಗಣಿತದ ಗುರುವಿನಿಂದ ರೇಖಾಗಣಿತದ ರುಚಿ ಹತ್ತಿತು. ವೈದ್ಯದ ಓದು ಹಿಂದೆ ಬಿತ್ತು. 1585ರಲ್ಲಿ ಪದವಿಯನ್ನೂ ಪಡೆಯದೆ ಹೊರಬಂದ. ಹುಡುಗರಿಗೆ ಗಣಿತದ ಪಾಠ ಹೇಳಿ ಹೊಟ್ಟೆ ಹೊರೆಯಬೇಕಾಯಿತು.

ಆಗ ಅವನು ಆರ್ಕಿಮಿಡೀಸನ ಪುಸ್ತಕಗಳನ್ನು ಓದಿದ. ರಾಜನ ಕಿರೀಟದಲ್ಲಿ ಬೆಳ್ಳಿ ಬೆರಕೆಯಾಗಿದೆಯೋ ಇಲ್ಲವೋ ಅಂತ ಆರ್ಕಿಮಿಡೀಸ್ ಕಂಡುಹಿಡಿದ ಕಥೆ ನಿಮಗೆ ಗೊತ್ತೇ ಇದೆ. ತುಂಬಿದ ಪಾತ್ರೆಯಲ್ಲಿ ಕಿರೀಟ ಮುಳುಗಿಸಿ, ಚೆಲ್ಲಿದ ನೀರು ಅಳೆದನಂತೆ. ಗೆಲಿಲಿಯೋಗೆ ಇದು ಸರಿ ಕಾಣಲಿಲ್ಲ. ಅಷ್ಟು ದೊಡ್ಡ ಜಾಣ ಇಷ್ಟು ಒರಟಾಗಿ ಅಳೆದಿರಲಾರ ಎಂದುಕೊಂಡ.

ನಾನೂ ಲೆಕ್ಕ ಹಾಕಿ ನೋಡಿದೆ. 1 ಕಿಲೋ ಶುದ್ಧ ಚಿನ್ನ ಹೊರಹಾಕುವ ನೀರು ಸುಮಾರು 52 ಮಿಲಿಲೀಟರ್. ಅದರಲ್ಲಿ 300 ಗ್ರಾಂ ಬೆಳ್ಳಿ ಬೆರೆಸಿದರೆ ಸುಮಾರು 65. ವ್ಯತ್ಯಾಸ ಬರೀ 13 ಮಿಲಿಲೀಟರ್! ಪಾತ್ರೆಯ ಅಂಚಿಗೆ ಅಂಟಿದ ಹನಿಗಳೇ ಲೆಕ್ಕ ಕೆಡಿಸಿಬಿಡುತ್ತವೆ.

ಹಾಗಾದರೆ ಏನು ಮಾಡಬೇಕು? ನೀರನ್ನು ಅಳೆಯಬೇಡ, ವಸ್ತುವನ್ನೇ ನೀರಿನೊಳಗೆ ತೂಗು. ಇದೇ ಗೆಲಿಲಿಯೋನ ದಾರಿ. ನೀರಲ್ಲಿ ಮುಳುಗಿದ ವಸ್ತುವನ್ನು ನೀರು ಮೇಲಕ್ಕೆ ತಳ್ಳುತ್ತೆ. ಅದು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತೋ, ಅಷ್ಟೇ ನೀರಿನ ತೂಕ ಅದರಲ್ಲಿ ಕಡಿಮೆಯಾದಂತೆ ಕಾಣುತ್ತೆ. 193 ಗ್ರಾಂ ಚಿನ್ನ ನೀರಲ್ಲಿ 10 ಗ್ರಾಂ ಕಡಿಮೆ ತೂಗುತ್ತೆ. ಅಷ್ಟೇ ತೂಕದ ಬೆಳ್ಳಿ 18 ಗ್ರಾಂಗಿಂತ ಹೆಚ್ಚು ಕಡಿಮೆಯಾಗುತ್ತೆ.

ನಮ್ಮ ಪ್ರಯೋಗಾಲಯದಲ್ಲಿ ಸ್ಪ್ರಿಂಗ್ ತಕ್ಕಡಿಗೆ ದಾರದಿಂದ ಕಲ್ಲು ಕಟ್ಟಿ ನಾವೂ ಇದನ್ನೇ ಮಾಡಿದ್ದೇವೆ. ಗಾಳಿಯಲ್ಲಿ 270 ಗ್ರಾಂ, ನೀರಿನ ಬೀಕರಿನಲ್ಲಿ 170 ಗ್ರಾಂ. ಕಡಿಮೆಯಾದದ್ದು 100. 270ನ್ನು 100ರಿಂದ ಭಾಗಿಸಿದರೆ 2.7. ಅಂದರೆ ಕಲ್ಲು ತನ್ನಷ್ಟೇ ಗಾತ್ರದ ನೀರಿಗಿಂತ 2.7 ಪಟ್ಟು ಭಾರ. ಇದೇ ಅದರ ಸಾಪೇಕ್ಷ ಸಾಂದ್ರತೆ.

1586ರಲ್ಲಿ, 22ನೇ ವಯಸ್ಸಿನಲ್ಲಿ, ಗೆಲಿಲಿಯೋ ಇಂಥ ತಕ್ಕಡಿ ಮಾಡುವ ಬಗೆಯನ್ನು ಒಂದು ಪುಟ್ಟ ಬರಹದಲ್ಲಿ ವಿವರಿಸಿದ. ಅದರ ಹೆಸರು ‘ಲಾ ಬಿಲಾಂಚೆಟ್ಟಾ’, ಅಂದರೆ ಪುಟ್ಟ ತಕ್ಕಡಿ. ವಸ್ತುವನ್ನು ನೀರಲ್ಲಿ ಮುಳುಗಿಸಿದಾಗ ಎದುರು ತೂಕವನ್ನು ನಡುವಿನ ಕಡೆಗೆ ಸ್ವಲ್ಪ ಸರಿಸಬೇಕು. ಶುದ್ಧ ಚಿನ್ನಕ್ಕೆ ಒಂದು ಗುರುತು, ಶುದ್ಧ ಬೆಳ್ಳಿಗೆ ಇನ್ನೊಂದು. ಬೆರಕೆಯಾಗಿದ್ದರೆ ತೂಕ ಎರಡರ ನಡುವೆ ನಿಲ್ಲುತ್ತೆ. ಆ ಗುರುತುಗಳ ನಡುವಿನ ಜಾಗ ತೀರಾ ಚಿಕ್ಕದು. ಅದಕ್ಕೇ ಅಲ್ಲಿ ಸಣ್ಣ ತಂತಿಯನ್ನು ಒತ್ತೊತ್ತಾಗಿ ಸುತ್ತಿದ. ಸುತ್ತುಗಳನ್ನು ಕಣ್ಣಿಂದ ಎಣಿಸೋದು ಕಷ್ಟ. ಚೂಪಾದ ಸಲಾಕೆಯನ್ನು ಮೆಲ್ಲಗೆ ಎಳೆದರೆ ಪ್ರತಿ ಸುತ್ತಿಗೂ ಟಕ್ ಟಕ್ ಅನ್ನುತ್ತೆ. ಕೈಗೆ ತಾಗುತ್ತೆ, ಕಿವಿಗೆ ಕೇಳುತ್ತೆ. ಎಣಿಸಿದರೆ ಆಯಿತು! ಸಂಗೀತಗಾರನ ಮಗ ಅಲ್ಲವೇ?

ಮುಂದೆ 1589ರಲ್ಲಿ ಪೀಸಾದಲ್ಲಿ, 1592ರಲ್ಲಿ ಪಾದುವಾದಲ್ಲಿ ಪ್ರಾಧ್ಯಾಪಕನಾದ. 1610ರಲ್ಲಿ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡ. 1611ರಲ್ಲಿ ಫ್ಲಾರೆನ್ಸಿನಲ್ಲಿ ಮಂಜುಗಡ್ಡೆ ಯಾಕೆ ತೇಲುತ್ತೆ ಅಂತ ದೊಡ್ಡ ವಾದವೇ ನಡೆಯಿತು. ಚಪ್ಪಟೆ ಆಕಾರವೇ ಕಾರಣ ಅಂದರು ಪಂಡಿತರು. ಮಂಜುಗಡ್ಡೆ ನೀರಿಗಿಂತ ಹಗುರ, ಅದಕ್ಕೇ ತೇಲುತ್ತೆ ಅಂದ ಗೆಲಿಲಿಯೋ. 1612ರಲ್ಲಿ ಅದನ್ನು ಪುಸ್ತಕವಾಗಿಯೇ ಬರೆದ. ಪಂಡಿತರ ಲ್ಯಾಟಿನ್‌ನಲ್ಲಿ ಅಲ್ಲ, ಜನರ ಇಟಾಲಿಯನ್ ಭಾಷೆಯಲ್ಲಿ.

ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬ ಮಾತಿಗಾಗಿ 1633ರಲ್ಲಿ ರೋಮಿನಲ್ಲಿ ವಿಚಾರಣೆ ನಡೆಯಿತು. 69ರ ಮುದುಕನಿಂದ ಮಂಡಿಯೂರಿಸಿ ಆ ಮಾತು ಬಿಡಿಸಿದರು. ಆಮೇಲೆ ಸಾಯುವ ತನಕ ಗೃಹಬಂಧನ. ಕಣ್ಣೂ ಹೋಯಿತು. ಆದರೂ 1638ರಲ್ಲಿ ಅವನ ಇನ್ನೊಂದು ದೊಡ್ಡ ಪುಸ್ತಕ ಹಾಲೆಂಡಿನಲ್ಲಿ ಅಚ್ಚಾಯಿತು. 1642ರ ಜನವರಿ 8ರಂದು ತೀರಿಕೊಂಡ. 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು, ಅವನಿಗೆ ಶಿಕ್ಷೆ ಕೊಟ್ಟವರದೇ ತಪ್ಪು ಎಂದು ಒಪ್ಪಿಕೊಂಡರು.

ಪುಟ್ಟ ತಕ್ಕಡಿಯ ಬರಹ ಅಚ್ಚಾದದ್ದು ಅವನು ಸತ್ತ ಮೇಲೆ, 1644ರಲ್ಲಿ. ಯಾರು ಹೇಳಿದರು ಅನ್ನೋದಕ್ಕಿಂತ ತೂಗಿದಾಗ ಏನು ಬಂತು ಅನ್ನೋದು ಮುಖ್ಯ. ಇದನ್ನು ಅವನು 22ನೇ ವಯಸ್ಸಿಗೇ ಹಿಡಿದಿದ್ದ, ಕೊನೆವರೆಗೂ ಬಿಡಲಿಲ್ಲ. ಮುಂದಿನ ಸಲ ಪ್ರಯೋಗ ಮಾಡುವಾಗ ಪಕ್ಕದವರ ಉತ್ತರ ನೋಡಬೇಡಿ, ತಕ್ಕಡಿಯ ಮುಳ್ಳು ನೋಡಿ!