ವಿಲ್ಲಿಸ್ ಹ್ಯಾವಿಲ್ಯಾಂಡ್ ಕ್ಯಾರಿಯರ್ (1876–1950): ಜೀವನ, ಸಾಧನೆ ಮತ್ತು ಚಿಲ್ಲರ್ ಸುರಕ್ಷತೆ

ಬೆಂಗಳೂರು ಪೂರ್ವ ಭಾಗದ ಜೀವನ್ ಬಿಮಾ ನಗರವು ಭಾರತೀಯ ಜೀವ ವಿಮಾ ನಿಗಮದ ವಸತಿ ಬಡಾವಣೆಯಿಂದ ಹೆಸರು ಪಡೆದ ಪ್ರದೇಶವಾಗಿದೆ. ಇಲ್ಲಿಂದ ಹಳೆಯ ವಿಮಾನ ನಿಲ್ದಾಣ ರಸ್ತೆ, ಇಂದಿರಾನಗರ ಹಾಗೂ ದೊಮ್ಮಲೂರಿನವರೆಗೆ ಆಸ್ಪತ್ರೆಗಳು, ತಂತ್ರಾಂಶ ಕಚೇರಿಗಳು ಮತ್ತು ವಾಣಿಜ್ಯ ಸಂಕೀರ್ಣಗಳು ಬೆಳೆದಿವೆ. ಇಂತಹ ದೊಡ್ಡ ಕಟ್ಟಡಗಳ ತಂಪಿಗೆ ಬಹುಪಾಲು ಆಧಾರವಾಗಿರುವುದು ತಳಮಹಡಿಯಲ್ಲಿಯೋ ಮೇಲ್ಛಾವಣಿಯಲ್ಲಿಯೋ ಸಾರ್ವಜನಿಕರ ಕಣ್ಣಿಗೆ ಬೀಳದಂತೆ ನಡೆಯುವ ಚಿಲ್ಲರ್ ಯಂತ್ರಗಳು. ದೊಡ್ಡ ಕಟ್ಟಡಗಳಿಗೆ ಒಪ್ಪುವ ಸೆಂಟ್ರಿಫ್ಯೂಗಲ್ ಚಿಲ್ಲರನ್ನು ರೂಪಿಸಿದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಅವರ ಜೀವನವನ್ನು ಹಾಗೂ ಅದರಿಂದ ಇಂದಿನ ಕೆಲಸಗಾರರು ತಿಳಿಯಬೇಕಾದ ಸುರಕ್ಷತಾ ವಿಚಾರಗಳನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕ್ಯಾರಿಯರ್ ಅವರು 1876ರ ನವೆಂಬರ್ 26ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬ ಊರಿನ ಬಳಿ ಕೃಷಿಕ ಕುಟುಂಬದಲ್ಲಿ ಜನಿಸಿದರು. ತಂದೆ ತಾಯಿಗೆ ಇವರೊಬ್ಬರೇ ಮಗ. ತಾಯಿ ಎಲಿಜಬೆತ್ ಅವರು ಗಡಿಯಾರ ಮತ್ತು ಹೊಲಿಗೆ ಯಂತ್ರಗಳನ್ನು ಸ್ವತಃ ಸರಿಪಡಿಸಬಲ್ಲವರಾಗಿದ್ದರು. ಭಿನ್ನರಾಶಿ ಅರ್ಥವಾಗದೆ ತೊಳಲುತ್ತಿದ್ದ ಮಗನಿಗೆ ಸೇಬು ಹಣ್ಣುಗಳನ್ನು ಹೋಳು ಮಾಡಿ ಲೆಕ್ಕ ಕಲಿಸಿದವರು ಅವರೇ. ಬಾಲಕನಿಗೆ ಹನ್ನೊಂದು ವರ್ಷವಾಗಿದ್ದಾಗ ಅವರು ತೀರಿಕೊಂಡರು. 1893ರ ಆರ್ಥಿಕ ಮುಗ್ಗಟ್ಟಿನಿಂದ ವ್ಯಾಸಂಗ ಮುಂದೂಡಲ್ಪಟ್ಟಿತು. ಕೆಲಕಾಲ ಶಾಲಾ ಶಿಕ್ಷಕರಾಗಿ ದುಡಿದ ನಂತರ ವಿದ್ಯಾರ್ಥಿವೇತನದ ನೆರವಿನಿಂದ ಕಾರ್ನೆಲ್ ವಿಶ್ವವಿದ್ಯಾನಿಲಯವನ್ನು ಸೇರಿ 1901ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು.

ವೃತ್ತಿ ಜೀವನ

ಅದೇ ವರ್ಷ ಬಫಲೋ ಫೋರ್ಜ್ ಕಂಪನಿಯಲ್ಲಿ ವಾರಕ್ಕೆ 10 ಡಾಲರ್ ವೇತನದ ಮೇಲೆ ಕೆಲಸಕ್ಕೆ ಸೇರಿದರು. ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಬೇಸಿಗೆಯ ತೇವದಿಂದ ಕಾಗದ ಹಿಗ್ಗಿ ಕುಗ್ಗುತ್ತಿದ್ದುದರಿಂದ ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಸರಿಯಾಗಿ ಕೂಡಿಕೊಳ್ಳುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ, ತಣ್ಣಗಿನ ಸುರುಳಿ ಕೊಳವೆಗಳ ಮೇಲೆ ಗಾಳಿಯನ್ನು ಹಾಯಿಸಿ ಅದರ ತೇವಾಂಶವನ್ನು ನಿಯಂತ್ರಿಸುವ ವ್ಯವಸ್ಥೆಯನ್ನು ಕ್ಯಾರಿಯರ್ ರೂಪಿಸಿದರು. ಇದರ ನಕ್ಷೆಗಳ ದಿನಾಂಕವಾದ 1902ರ ಜುಲೈ 17ನ್ನು ಆಧುನಿಕ ಹವಾನಿಯಂತ್ರಣದ ಜನ್ಮದಿನವೆಂದು ಪರಿಗಣಿಸಲಾಗುತ್ತದೆ. ಆಗ ಅವರಿಗೆ ಇಪ್ಪತ್ತೈದು ವರ್ಷ.

ಗಾಳಿಗೆ ನೀರನ್ನು ಸಿಂಪಡಿಸಿ ಅದರ ತೇವಾಂಶವನ್ನು ಹದಗೊಳಿಸುವ ಸಾಧನಕ್ಕೆ 1906ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. 1911ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಮಂಡಿಸಿದ ಪ್ರಬಂಧದಲ್ಲಿ ಗಾಳಿಯ ಉಷ್ಣಾಂಶ ಮತ್ತು ಆರ್ದ್ರತೆಗಳ ಸಂಬಂಧವನ್ನು ಸೂತ್ರಗಳ ಮೂಲಕ ನಿರೂಪಿಸಿದರು. ಇಂದಿಗೂ ಈ ವೃತ್ತಿಯವರು ಬಳಸುವ ಸೈಕ್ರೋಮೆಟ್ರಿಕ್ ನಕ್ಷೆಗೆ ಇದು ಬುನಾದಿಯಾಗಿದೆ. 1915ರಲ್ಲಿ ಆರು ಮಂದಿ ಸಹೋದ್ಯೋಗಿಗಳೊಂದಿಗೆ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು.

ಸೆಂಟ್ರಿಫ್ಯೂಗಲ್ ಚಿಲ್ಲರ್

ಆ ಕಾಲದ ದೊಡ್ಡ ಶೀತಲೀಕರಣ ಯಂತ್ರಗಳು ಬಹುಮಟ್ಟಿಗೆ ಅಮೋನಿಯಾ ತುಂಬಿದ ಪಿಸ್ಟನ್ ಕಂಪ್ರೆಸರುಗಳಾಗಿದ್ದವು. ಅಮೋನಿಯಾ ಉತ್ತಮ ಶೀತಕವಾದರೂ ವಿಷಕಾರಿ. ಸೋರಿದಲ್ಲಿ ಕಣ್ಣು ಮತ್ತು ಶ್ವಾಸಕೋಶಗಳನ್ನು ಸುಡುತ್ತದೆ. ಗಾಳಿಯೊಡನೆ ನಿರ್ದಿಷ್ಟ ಪ್ರಮಾಣದಲ್ಲಿ ಬೆರೆತಾಗ ಹೊತ್ತಿಕೊಳ್ಳಲೂಬಲ್ಲದು. ಮಂಜುಗಡ್ಡೆ ಕಾರ್ಖಾನೆಗೆ ಒಗ್ಗಿದ ಇಂತಹ ಯಂತ್ರವನ್ನು ಸಾವಿರಾರು ಜನ ಸೇರುವ ಚಿತ್ರಮಂದಿರದ ಕೆಳಗೆ ಇಡುವುದು ಅಪಾಯಕರವಾಗಿತ್ತು.

ಕ್ಯಾರಿಯರ್ ಅವರು ಪಿಸ್ಟನ್ ಬದಲಿಗೆ ವೇಗವಾಗಿ ತಿರುಗುವ ಚಕ್ರದಿಂದ ಆವಿಯನ್ನು ಒತ್ತುವ ಯಂತ್ರವನ್ನು ರೂಪಿಸಿ 1922ರಲ್ಲಿ ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ ಪ್ರದರ್ಶಿಸಿದರು. ಅದರಲ್ಲಿ ಬಳಸಿದ ಶೀತಕ ಡೈಎಲೀನ್, ಅಂದರೆ ಡೈಕ್ಲೋರೋಎಥಿಲೀನ್. ಇದು ಸುಮಾರು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುದಿಯುವ ದ್ರವವಾದುದರಿಂದ, ನಡೆಯುತ್ತಿರುವ ಯಂತ್ರದೊಳಗಿನ ಒತ್ತಡವು ವಾತಾವರಣದ ಒತ್ತಡಕ್ಕಿಂತ ಕಡಿಮೆ ಇರುತ್ತಿತ್ತು. ಹೀಗಾಗಿ ಸೋರಿಕೆಯಾದರೂ ಹೊರಗಿನ ಗಾಳಿ ಒಳಗೆ ಸೇರುತ್ತಿತ್ತೇ ವಿನಾ ಒಳಗಿನ ಆವಿ ಒತ್ತಡದಿಂದ ಹೊರಗೆ ಚಿಮ್ಮುತ್ತಿರಲಿಲ್ಲ.

1925ರಲ್ಲಿ ನ್ಯೂಯಾರ್ಕ್ ನಗರದ ರಿವೋಲಿ ಚಿತ್ರಮಂದಿರದಲ್ಲಿ ಈ ಯಂತ್ರವನ್ನು ಅಳವಡಿಸುವ ಸಂದರ್ಭದಲ್ಲಿ ನಗರದ ಸುರಕ್ಷತಾ ಅಧಿಕಾರಿಯು ಹೊಸ ಶೀತಕಕ್ಕೆ ಅನುಮತಿ ನೀಡಲು ಹಿಂಜರಿದರು. ಕ್ಯಾರಿಯರ್ ಅವರು ಅಧಿಕಾರಿಯ ಕಚೇರಿಯಲ್ಲಿಯೇ ಪಾತ್ರೆಗೆ ಆ ದ್ರವವನ್ನು ಸುರಿದು ಬೆಂಕಿ ಕಡ್ಡಿ ಹಾಕಿ, ಅದು ಸಿಡಿಯದೆ ನಿಧಾನವಾಗಿ ಉರಿಯುವುದನ್ನು ತೋರಿಸಿದರೆಂದು ಅವರ ಜೀವನ ವೃತ್ತಾಂತಗಳಲ್ಲಿ ದಾಖಲಾಗಿದೆ. ಇಂತಹ ಪ್ರಯೋಗವನ್ನು ಯಾರೂ ಎಲ್ಲಿಯೂ ಮಾಡಕೂಡದು. ಕೊನೆಗೆ ಅನುಮತಿ ದೊರೆಯಿತು, ಚಿತ್ರಮಂದಿರವು ತಂಪಾಯಿತು. ಬೇಸಿಗೆಯಲ್ಲಿ ಪ್ರೇಕ್ಷಕರಿಲ್ಲದೆ ಬಿಕೋ ಎನ್ನುತ್ತಿದ್ದ ಚಿತ್ರಮಂದಿರಗಳಿಗೆ ಜನರು ತಂಪನ್ನು ಅರಸಿ ಬರಲಾರಂಭಿಸಿದರು. 1928ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ 21 ಅಂತಸ್ತಿನ ಮಿಲಾಮ್ ಕಚೇರಿ ಕಟ್ಟಡ ಪೂರ್ತಿಯಾಗಿ ಹವಾನಿಯಂತ್ರಿತವಾಯಿತು.

ಶೀತಕಗಳ ಬದಲಾವಣೆ

ಅಂದು ಅಧಿಕಾರಿಗೆ ಬಂದ ಸಂಶಯ ನಿರಾಧಾರವಾಗಿರಲಿಲ್ಲ. ನಿಧಾನವಾಗಿ ಉರಿದರೂ ಡೈಎಲೀನ್ ಉರಿಯುವ ವಸ್ತುವೇ ಆಗಿತ್ತು. ಕಾಲಕ್ರಮದಲ್ಲಿ ಅದನ್ನು ಕೈಬಿಡಲಾಯಿತು. ಥಾಮಸ್ ಮಿಡ್ಜ್‌ಲಿ ಮತ್ತು ಸಂಗಡಿಗರು 1928ರಲ್ಲಿ ಕಂಡುಕೊಂಡ ಕ್ಲೋರೋಫ್ಲೋರೋಕಾರ್ಬನ್‌ಗಳು ಉರಿಯುತ್ತಿರಲಿಲ್ಲ, ಅವುಗಳ ವಿಷತ್ವವೂ ಕಡಿಮೆ ಇತ್ತು. ಆದರೆ ಅವು ಓಜೋನ್ ಪದರವನ್ನು ನಾಶಮಾಡುವುದು ತಿಳಿದುಬಂದು, 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಅವುಗಳ ಬಳಕೆಯನ್ನು ಕೊನೆಗಾಣಿಸಲು ನಿರ್ಧರಿಸಲಾಯಿತು. ಅವುಗಳ ಸ್ಥಾನಕ್ಕೆ ಬಂದ ಹೈಡ್ರೋಫ್ಲೋರೋಕಾರ್ಬನ್‌ಗಳು ಭೂಮಿಯ ತಾಪ ಏರಿಸುವುದರಿಂದ 2016ರಲ್ಲಿ ಕಿಗಾಲಿ ತಿದ್ದುಪಡಿಯಾಯಿತು. ಭಾರತವು 2021ರಲ್ಲಿ ಅದನ್ನು ಅಂಗೀಕರಿಸಿತು. ಒಂದು ಅಪಾಯವನ್ನು ನೀಗಿದ ಶೀತಕವು ಮತ್ತೊಂದನ್ನು ತಂದಿರುವುದರಿಂದ, ಪೂರ್ಣ ಸುರಕ್ಷಿತವೆಂದು ಯಾವ ಶೀತಕವನ್ನೂ ನಂಬಿ ಎಚ್ಚರ ತಪ್ಪುವಂತಿಲ್ಲ.

ಚಿಲ್ಲರ್ ಚಾಲನೆ ಮತ್ತು ದುರಸ್ತಿಯಲ್ಲಿ ಪಾಲಿಸಬೇಕಾದ ಕ್ರಮಗಳು

1. ಹೊಸ ಯಂತ್ರದ ಸೋರಿಕೆ ಪರೀಕ್ಷೆಗೆ ಒಣ ನೈಟ್ರೋಜನ್ ಅನಿಲವನ್ನು ರೆಗ್ಯುಲೇಟರ್ ಮೂಲಕ, ತಯಾರಕರು ನಮೂದಿಸಿದ ಒತ್ತಡ ಮೀರದಂತೆ ಬಳಸತಕ್ಕದ್ದು. ಆಮ್ಲಜನಕವನ್ನು ಎಂದಿಗೂ ಬಳಸಕೂಡದು; ಅದು ಕಂಪ್ರೆಸರ್ ಎಣ್ಣೆಯೊಂದಿಗೆ ಸೇರಿ ಸ್ಫೋಟಿಸಬಹುದು.

2. ಪರೀಕ್ಷೆಯ ನಂತರ ವ್ಯಾಕ್ಯೂಮ್ ಪಂಪಿನಿಂದ ಗಾಳಿ ಹಾಗೂ ತೇವಾಂಶವನ್ನು ಪೂರ್ಣವಾಗಿ ತೆಗೆದು, ಶೀತಕವನ್ನು ತೂಕ ಮಾಡಿ ತುಂಬತಕ್ಕದ್ದು.

3. ಯಂತ್ರವನ್ನು ಚಾಲನೆ ಮಾಡುವ ಮುನ್ನ ಅಧಿಕ ಒತ್ತಡ, ಕಡಿಮೆ ಒತ್ತಡ, ಎಣ್ಣೆ ಒತ್ತಡ ಹಾಗೂ ನೀರಿನ ಹರಿವಿನ ಸ್ವಿಚ್‌ಗಳು ಯಂತ್ರವನ್ನು ನಿಜವಾಗಿ ನಿಲ್ಲಿಸುತ್ತವೆಯೇ ಎಂದು ಪರೀಕ್ಷಿಸತಕ್ಕದ್ದು. ನೀರಿನ ಹರಿವು ನಿಂತರೆ ಕೊಳವೆಯೊಳಗೆ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯಬಹುದು. ಯಂತ್ರ ಪದೇ ಪದೇ ನಿಲ್ಲುತ್ತದೆಂಬ ಕಾರಣಕ್ಕೆ ಈ ಸ್ವಿಚ್‌ಗಳನ್ನು ಬೈಪಾಸ್ ಮಾಡಕೂಡದು.

4. ಸೇಫ್ಟಿ ವಾಲ್ವಿನ ಹೊರಕೊಳವೆಯನ್ನು ಕಟ್ಟಡದ ಹೊರಗೆ, ಜನರ ಓಡಾಟವಿಲ್ಲದ ಎತ್ತರಕ್ಕೆ ಒಯ್ಯತಕ್ಕದ್ದು.

5. ಬಹುತೇಕ ಶೀತಕಗಳ ಆವಿ ಗಾಳಿಗಿಂತ ಭಾರವಾಗಿದ್ದು, ತಳಮಹಡಿ ಮತ್ತು ಗುಂಡಿಗಳಲ್ಲಿ ಶೇಖರಗೊಂಡು ಆಮ್ಲಜನಕವನ್ನು ಹೊರದೂಡುತ್ತದೆ. ಹಲವಕ್ಕೆ ಎಚ್ಚರಿಸುವಂತಹ ವಾಸನೆಯಿಲ್ಲ. ಆದುದರಿಂದ ಸೋರಿಕೆ ಸೂಚಕ, ಗಂಟೆ ಮತ್ತು ಹೊರಗಿನಿಂದ ಚಾಲನೆ ಮಾಡಬಹುದಾದ ಎಕ್ಸಾಸ್ಟ್ ಫ್ಯಾನ್ ಇರುವುದು ಅಗತ್ಯ. ಪ್ರಜ್ಞೆ ತಪ್ಪಿ ಬಿದ್ದವರನ್ನು ಎತ್ತಲು ಉಸಿರಾಟ ಸಾಧನವಿಲ್ಲದೆ ಒಳಗೆ ನುಗ್ಗಿದವರೂ ಪ್ರಾಣ ಕಳೆದುಕೊಳ್ಳುವ ಸಂಭವವಿರುತ್ತದೆ.

6. ದುರಸ್ತಿಗೆ ಮುನ್ನ ವಿದ್ಯುತ್ ಕಡಿದು, ಬೀಗ ಹಾಕಿ, ಎಚ್ಚರಿಕೆ ಚೀಟಿ ತಗುಲಿಸತಕ್ಕದ್ದು. ಶೀತಕವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಂಪಡೆಯತಕ್ಕದ್ದು. ಒಬ್ಬಂಟಿಯಾಗಿ ಕೆಲಸ ಮಾಡಕೂಡದು.

ಕೊನೆಯ ದಿನಗಳು

ಹೃದ್ರೋಗದ ಕಾರಣ ಕ್ಯಾರಿಯರ್ ಅವರು 1948ರಲ್ಲಿ ನಿವೃತ್ತರಾದರು. 1950ರ ಅಕ್ಟೋಬರ್ 7ರಂದು ನ್ಯೂಯಾರ್ಕ್ ನಗರದಲ್ಲಿ ನಿಧನರಾದರು. 1985ರಲ್ಲಿ ಅವರ ಹೆಸರನ್ನು ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಗೆ ಸೇರಿಸಲಾಯಿತು. ಮುದ್ರಣಾಲಯದ ಕಾಗದವನ್ನು ಕಾಪಾಡಲು ಆರಂಭವಾದ ಅವರ ಕಾರ್ಯವು ಇಂದು ಶಸ್ತ್ರಚಿಕಿತ್ಸಾ ಕೊಠಡಿಗಳಿಗೂ ಔಷಧಿ ಕಾರ್ಖಾನೆಗಳಿಗೂ ತಲುಪಿದೆ. ಆ ತಂಪಿನ ಹಿಂದೆ ಯಂತ್ರದ ಕೋಣೆಯಲ್ಲಿ ದುಡಿಯುವ ನಿರ್ವಾಹಕರ ಸುರಕ್ಷತೆಯೂ ಇದೆ ಎಂಬುದನ್ನು ಆಡಳಿತ ವರ್ಗದವರು, ಗುತ್ತಿಗೆದಾರರು ಮತ್ತು ತಂತ್ರಜ್ಞರು ಮನಗಾಣಬೇಕಾಗಿದೆ.